ಹದಿನಾರು ವರ್ಷ, ಇಪ್ಪತ್ತಮೂರು ದಿನ



ಪ್ರತಿ ವಾರ ನಾನು ನಿಮಗೊಂದು ಲೆಕ್ಕ ಹಾಕುತ್ತೇನೆ, ನೀವು ಬಿಡಿಸುತ್ತೀರಿ. ಈ ವಾರದ ಲೆಕ್ಕ ನಾನು ಹಾಕಿದ್ದಲ್ಲ. ನನಗೇ ಬಿದ್ದದ್ದು. ಉತ್ತರ ಹೇಳಲು ಸ್ವಲ್ಪ ನಾಚಿಕೆ. ಆದರೂ ಹೇಳುತ್ತೇನೆ. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತು, "ಲೆಕ್ಕ ತಪ್ಪಾದವರು ಎದ್ದು ನಿಲ್ಲಿ" ಎಂದು ಮಕ್ಕಳಿಗೆ ಹೇಳಿದವನು ತಾನು ಮಾತ್ರ ಕುಳಿತೇ ಇರಬಾರದಲ್ಲ!

ಬೇಸಿಗೆ ರಜೆಗೆ ನನ್ನ ಮೊಮ್ಮಗಳು ಬಂದಿದ್ದಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಆರನೆಯ ತರಗತಿ ಮುಗಿಸಿದ್ದಾಳೆ. ಅವಳ ಊರಿನ ಸಭೆಯಲ್ಲಿ ಮಕ್ಕಳಿಗೆ ಬೈಬಲ್ ಕ್ವಿಜ್ ಇತ್ತು. ತಮಗೆ ಬೇಕಾದ ಒಂದು ಪುಸ್ತಕವನ್ನು ಆರಿಸಿಕೊಂಡು ಓದಬೇಕಿತ್ತು. ಇವಳು ಆರಿಸಿದ್ದು ಪ್ರವಾದಿ ಹಗ್ಗಾಯನ ಪುಸ್ತಕ.

"ಅದೇ ಯಾಕೆ ಪುಟ್ಟಿ?" ಎಂದು ಕೇಳಿದೆ.

"ಎರಡೇ ಅಧ್ಯಾಯ ಅಜ್ಜಾ. ಬರೀ 38 ವಚನ. ಎಲ್ಲದಕ್ಕಿಂತ ಸುಲಭ!"

ಸುಲಭ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದೆ. ಅವಳು ನೆಲದ ಮೇಲೆ ಬೋರಲು ಮಲಗಿ ಜೋರಾಗಿ ಓದುತ್ತಿದ್ದಳು. ಇದ್ದಕ್ಕಿದ್ದಂತೆ ಓದುವುದನ್ನು ನಿಲ್ಲಿಸಿ ಗೋಡೆ ನೋಡತೊಡಗಿದಳು. ಹೋದ ವರ್ಷ ನನ್ನ ಮಗ ಆ ಪಡಸಾಲೆಯ ಗೋಡೆಗೆ ತೇಗದ ಬಣ್ಣದ ಹಲಗೆ ಹೊಡೆಸಿಕೊಟ್ಟಿದ್ದಾನೆ. ನೆಲಕ್ಕೆ ಹೊಸ ಟೈಲ್ಸ್ ಕೂಡ. ಬಂದವರೆಲ್ಲ "ಚೆಂದ ಆಗೇತ್ರೀ ಮಾಸ್ತರ" ಎಂದು ಹೊಗಳುತ್ತಾರೆ. ನನಗೂ ಅದರ ಮೇಲೆ ಸ್ವಲ್ಪ ಹೆಮ್ಮೆ ಇತ್ತು.

"ಅಜ್ಜಾ, ಆ ಜನ ಹಲಗೆ ಹೊದಿಸಿದ ಮನೆಯಲ್ಲಿ ಇದ್ದರು ಅಂತ ಇಲ್ಲಿ ಬರೆದಿದೆ. ಅಂದರೆ ನಮ್ಮ ಮನೆ ಹಾಗೇನಾ?"

"ಹೂಂ, ಹೆಚ್ಚೂ ಕಡಿಮೆ ಹಾಗೇ."

"ಹಾಗಾದರೆ ದೇವರಿಗೆ ಯಾಕೆ ಬೇಜಾರಾಯಿತು? ಗೋಡೆಗೆ ಹಲಗೆ ಹೊಡೆಸೋದು ತಪ್ಪಾ?"

"ತಪ್ಪಲ್ಲಮ್ಮ."

"ಮತ್ತೆ?"

ಮಕ್ಕಳ "ಮತ್ತೆ" ಎಂಬ ಪ್ರಶ್ನೆ ಬಹಳ ಕಷ್ಟದ್ದು. ಪೂರ್ತಿ ಕಥೆ ಹೇಳುತ್ತೇನೆ ಬಾ ಎಂದು ಕರೆದೆ. ಕಥೆ ಹೇಳಿ ತಪ್ಪಿಸಿಕೊಳ್ಳೋಣ ಎಂಬುದು ನನ್ನ ಉಪಾಯ. ಆದರೆ ಆ ಕಥೆಯೇ ನನ್ನನ್ನು ಹಿಡಿದು ನಿಲ್ಲಿಸಿತು. ಅದನ್ನು ನಿಮಗೂ ಹೇಳುತ್ತೇನೆ, ಕೇಳಿ.

ಯೆರೂಸಲೇಮಿನಲ್ಲಿ ಅರಸನಾದ ಸೊಲೊಮೋನ ಕಟ್ಟಿಸಿದ ದೊಡ್ಡ ದೇವಾಲಯವಿತ್ತು. ಕ್ರಿ.ಪೂ. 586ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಬಂದು ಅದನ್ನು ಸುಟ್ಟು ಹಾಕಿತು, ಪಟ್ಟಣದ ಗೋಡೆಗಳನ್ನು ಕೆಡವಿತು, ಜನರನ್ನು ಸೆರೆ ಹಿಡಿದು ಬಾಬೆಲಿಗೆ ಒಯ್ದಿತು. ಅಲ್ಲಿ ಅವರು ಮಕ್ಕಳನ್ನು ಹೆತ್ತರು, ಮೊಮ್ಮಕ್ಕಳನ್ನು ಕಂಡರು. ಊರಿನ ನೆನಪು ಮಾತ್ರ ಹೋಗಲಿಲ್ಲ.

ಕಾಲ ತಿರುಗಿತು. ಪಾರಸಿಯ ಅರಸ ಕೋರೆಷನು ಬಾಬೆಲನ್ನು ಗೆದ್ದ. ನಿಮ್ಮ ಊರಿಗೆ ಹೋಗಿ ನಿಮ್ಮ ದೇವರ ಆಲಯ ಕಟ್ಟಿಕೊಳ್ಳಿ ಎಂದು ಅಪ್ಪಣೆ ಕೊಟ್ಟ. ಅದು ಕ್ರಿ.ಪೂ. 538. ಹೊರಟವರ ತಲೆಯೆಣಿಕೆಯನ್ನು ಎಜ್ರನ ಪುಸ್ತಕ ಬರೆದಿಟ್ಟಿದೆ: 42,360 ಜನ, ಅವರ ಜೊತೆ 7,337 ಆಳುಗಳು, 200 ಹಾಡುಗಾರರು. ಲೆಕ್ಕದ ಮಾಸ್ತರನಿಗೆ ಇಂಥ ಪುಸ್ತಕ ಬಹಳ ಇಷ್ಟ! ದಾರಿ ಸಣ್ಣದಲ್ಲ. ಮುಂದೆ ಎಜ್ರನು ಅದೇ ದಾರಿಯಲ್ಲಿ ಬಂದಾಗ ನಾಲ್ಕು ತಿಂಗಳು ಹಿಡಿಯಿತು.

ಬಂದವರಿಗೆ ಜೆರುಬ್ಬಾಬೆಲ ಎಂಬವನು ದೇಶಾಧಿಪತಿ, ಯೆಹೋಶುವ ಎಂಬವನು ಮಹಾಯಾಜಕ. ಅವರು ಮೊದಲು ಯಜ್ಞವೇದಿಯನ್ನು ಕಟ್ಟಿದರು. ಮರುವರ್ಷ ದೇವಾಲಯಕ್ಕೆ ಅಸ್ತಿವಾರ ಹಾಕಿದರು. ಆ ದಿನ ಒಂದು ವಿಚಿತ್ರ ನಡೆಯಿತು. ಚಿಕ್ಕವರೆಲ್ಲ ಸಂತೋಷದಿಂದ ಕೇಕೆ ಹಾಕಿದರು. ಹಳೆಯ ದೇವಾಲಯವನ್ನು ಕಣ್ಣಾರೆ ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಅಳು ಯಾವುದು, ನಗು ಯಾವುದು ಎಂದು ದೂರದಲ್ಲಿದ್ದವರಿಗೆ ಗೊತ್ತಾಗಲಿಲ್ಲವಂತೆ.

ಪುಟ್ಟಿ ಇಲ್ಲಿ ತಡೆದು ಕೇಳಿದಳು: "ಮುದುಕರು ಯಾಕೆ ಅತ್ತರು ಅಜ್ಜಾ? ಖುಷಿ ಪಡಬೇಕಿತ್ತಲ್ಲ?"

ಅಜ್ಜ-ಅಜ್ಜಿಯರೇ, ನಿಮಗೆ ಉತ್ತರ ಗೊತ್ತು. ಒಂದು ಸಲ ದೊಡ್ಡದನ್ನು ಕಂಡ ಕಣ್ಣಿಗೆ ಹೊಸದು ಚಿಕ್ಕದಾಗಿ ಕಾಣುತ್ತದೆ. ಹೋದವರ ನೆನಪು ಬರುತ್ತದೆ. ಅವಳಿಗೆ ಇಷ್ಟೇ ಹೇಳಿದೆ: "ಅಜ್ಜಿಯ ಕೈಯ ಹೋಳಿಗೆ ತಿಂದವರಿಗೆ ಅಂಗಡಿಯ ಹೋಳಿಗೆ ನೋಡಿದರೆ ಏನನ್ನಿಸುತ್ತದೆ?" ಅವಳು ಸುಮ್ಮನಾದಳು. ನಾನೂ ಸುಮ್ಮನಾದೆ.

ಆಮೇಲೆ ಏನಾಯಿತು? ಸುತ್ತಮುತ್ತಲಿನ ಜನ ಅಡ್ಡಿ ಮಾಡಿದರು. ಹೆದರಿಸಿದರು. ಅರಮನೆಯ ಸಲಹೆಗಾರರಿಗೆ ಲಂಚ ಕೊಟ್ಟು ಕೆಲಸ ನಿಲ್ಲುವಂತೆ ಮಾಡಿದರು. ಕಟ್ಟುವವರ ಕೈ ಸೋತಿತು. "ಸ್ವಲ್ಪ ದಿನ ನಿಲ್ಲಿಸೋಣ, ಕಾಲ ಕೂಡಿ ಬರಲಿ" ಎಂದುಕೊಂಡಿರಬೇಕು. ಆ "ಸ್ವಲ್ಪ ದಿನ" ಎಷ್ಟಾಯಿತು ಗೊತ್ತೇ? ಅಸ್ತಿವಾರ ಹಾಕಿದ್ದು ಕ್ರಿ.ಪೂ. 536ರಲ್ಲಿ. ಕೆಲಸ ಮತ್ತೆ ಶುರುವಾದದ್ದು ಕ್ರಿ.ಪೂ. 520ರಲ್ಲಿ. ಕಳೆದು ನೋಡಿ: 16 ವರ್ಷ! ಅಸ್ತಿವಾರ ಹಾಕಿದ ದಿನ ಹುಟ್ಟಿದ ಕೂಸು ಹದಿನಾರರ ಹರೆಯಕ್ಕೆ ಬಂದಿತ್ತು. ಆ ಕೂಸಿಗೆ ದೇವಾಲಯವೆಂದರೆ ಹುಲ್ಲು ಬೆಳೆದ ಕಲ್ಲಿನ ಸಾಲು, ಅಷ್ಟೇ.

ಅಡ್ಡಿ ಮಾಡಿದವರ ಹೆದರಿಕೆ ಹದಿನಾರು ವರ್ಷವೂ ಅಷ್ಟೇ ಬಲವಾಗಿತ್ತೇ? ನನಗೆ ಅನುಮಾನ. ಮೊದಲು ಹೆದರಿಕೆಯಿಂದ ನಿಂತ ಕೆಲಸ ಆಮೇಲೆ ಅಭ್ಯಾಸದಿಂದ ನಿಂತಿರುತ್ತದೆ. ಈ ನಡುವೆ ಜನ ಸುಮ್ಮನೆ ಕುಳಿತಿರಲಿಲ್ಲ. ತಮ್ಮ ತಮ್ಮ ಮನೆ ಕಟ್ಟಿಕೊಂಡರು. ಗೋಡೆಗೆ ಹಲಗೆ ಹೊದಿಸಿಕೊಂಡರು. ದೇವಾಲಯದ ಮಾತು ಬಂದಾಗ ಮಾತ್ರ, ಅದಕ್ಕೆ ಇನ್ನೂ ಕಾಲ ಬಂದಿಲ್ಲ ಎನ್ನುತ್ತಿದ್ದರು.

ಆಗ ಬಂದವನು ಹಗ್ಗಾಯ. ಅರಸನಾದ ದಾರ್ಯಾವೆಷನ ಆಳ್ವಿಕೆಯ ಎರಡನೆಯ ವರ್ಷ, ಆರನೆಯ ತಿಂಗಳು, ಮೊದಲನೆಯ ದಿನ. ಇಷ್ಟು ಸರಿಯಾಗಿ ತಾರೀಖು ಬರೆದಿಟ್ಟ ಪ್ರವಾದಿಗಳು ಕಡಿಮೆ. ಅವನು ಜನರನ್ನು ಬೈಯಲಿಲ್ಲ, ಲೆಕ್ಕ ಹಾಕಿ ನೋಡಿ ಎಂದ. ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು? ಉಂಡರೂ ಹೊಟ್ಟೆ ತುಂಬಿತೇ? ಹೊದ್ದರೂ ಬೆಚ್ಚಗಾಯಿತೇ? ನಿಮ್ಮ ಕೂಲಿ ತೂತುಬಿದ್ದ ಚೀಲಕ್ಕೆ ಹಾಕಿದಂತೆ ಆಗಿದೆಯಲ್ಲ ಎಂದ. ನಮ್ಮ ಕಡೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತೇವಲ್ಲ, ಹಾಗೆ. ಇನ್ನೊಂದು ದಿನ ಅವನು ಅಂಕಿಯನ್ನೇ ಕೊಟ್ಟ. 20 ಅಳತೆ ಧಾನ್ಯ ಇದೆ ಎಂದು ರಾಶಿಗೆ ಹೋದರೆ ಸಿಕ್ಕಿದ್ದು 10. 50 ಅಳತೆ ದ್ರಾಕ್ಷಾರಸ ಇದೆ ಎಂದು ತೊಟ್ಟಿಗೆ ಹೋದರೆ ಸಿಕ್ಕಿದ್ದು 20. ಮೊದಲನೆಯದರಲ್ಲಿ ಅರ್ಧ ನಷ್ಟ. ಎರಡನೆಯದರಲ್ಲಿ ನೂರಕ್ಕೆ ಎಷ್ಟು ನಷ್ಟ? ಮಕ್ಕಳೇ, ಬಾಯಿಲೆಕ್ಕದಲ್ಲೇ ಹೇಳಿ.

ಇಲ್ಲಿ ಒಂದು ಮಾತನ್ನು ಹಿರಿಯರಿಗೆ ಹೇಳಬೇಕು. ನಮ್ಮದು ಬರ ಕಂಡ ಸೀಮೆ. ಬೆಳೆ ಹೋದ ರೈತನ ಮನೆಗೆ ಹೋಗಿ, "ನೀನು ದೇವರನ್ನು ಮರೆತೆ, ಅದಕ್ಕೇ ಮಳೆಯಾಗಲಿಲ್ಲ" ಎಂದು ಯಾರೂ ಹೇಳಬಾರದು. ಹಗ್ಗಾಯನ ಮಾತು ಆ ಜನರಿಗೆ, ಆ ಹೊತ್ತಿಗೆ ಬಂದದ್ದು. ಅದನ್ನು ಇನ್ನೊಬ್ಬರ ಮೇಲೆ ಎಸೆಯುವ ಕಲ್ಲು ಮಾಡಿಕೊಳ್ಳುವುದಲ್ಲ. ನಮ್ಮ ಮುಖ ನೋಡಿಕೊಳ್ಳುವ ಕನ್ನಡಿ ಮಾಡಿಕೊಳ್ಳಬೇಕು.

ಮತ್ತೆ, ಪುಟ್ಟಿಯ ಪ್ರಶ್ನೆ ಹಾಗೇ ಉಳಿದಿದೆಯಲ್ಲ: ಹಲಗೆ ಹೊಡೆಸುವುದು ತಪ್ಪಾ?

ನಾನು ಅವಳ ನೋಟ್‌ಬುಕ್ ತೆಗೆದುಕೊಂಡು ಒಂದು ಲೆಕ್ಕ ಬರೆದೆ: 2 + 3 × 4.

"ಎಷ್ಟು?"

"14," ಎಂದಳು.

"20 ಯಾಕಲ್ಲ? ಎರಡು ಮೂರು ಕೂಡಿದರೆ ಐದು. ಐದು ನಾಲ್ಕಲೆ ಇಪ್ಪತ್ತು."

"ಅಜ್ಜಾ, ಬೋಡ್‌ಮಾಸ್! ಮೊದಲು ಗುಣಾಕಾರ, ಆಮೇಲೆ ಸಂಕಲನ!"

"ಕೂಡಿದ್ದು ತಪ್ಪಾಯಿತೇ?"

"ಕೂಡಿದ್ದು ಸರಿ. ಆದರೆ ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದರೆ ಉತ್ತರ ತಪ್ಪು."

"ಇದೇ ಆ ಜನ ಮಾಡಿದ್ದು," ಎಂದೆ. ಮನೆ ಕಟ್ಟಿದ್ದು ತಪ್ಪಲ್ಲ. ಮಳೆ ಚಳಿಯಿಂದ ಮಕ್ಕಳನ್ನು ಕಾಯಲು ಮನೆ ಬೇಕೇ ಬೇಕು. ಆದರೆ ಯಾವ ಕೆಲಸಕ್ಕೆಂದು ಅಷ್ಟು ದೂರದಿಂದ ನಡೆದು ಬಂದರೋ ಅದು ಹಿಂದೆ ಬಿತ್ತು. ಮನೆಗೆ ಸೂರು ಬಂದ ಮೇಲೂ ಅದರ ಸರದಿ ಬರಲಿಲ್ಲ. ಹಲಗೆಯ ಸರದಿ ಬಂತು. ಪ್ರತಿಯೊಂದು ಹೆಜ್ಜೆಯೂ ಸರಿ, ಕ್ರಮ ತಪ್ಪು, ಆದ್ದರಿಂದ ಉತ್ತರವೂ ತಪ್ಪು.

ಪುಟ್ಟಿಗೆ ತೃಪ್ತಿಯಾಯಿತು. ಪುಸ್ತಕ ಮುಚ್ಚಿಟ್ಟು ಮಾವಿನಹಣ್ಣು ತಿನ್ನಲು ಓಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ತಿರುಗಿ ಒಂದು ಮಾತು ಕೇಳಿದಳು.

"ಅಜ್ಜಾ, ಈಗ ನೀನು ಭಾನುವಾರದ ಕ್ಲಾಸ್ ಮಾಡೋದಿಲ್ವಾ?"

ಅವಳು ಚುಚ್ಚಲು ಕೇಳಿದ್ದಲ್ಲ. ಸುಮ್ಮನೆ ಕೇಳಿದ್ದು. ಆದರೆ ನಾನು ಹಲಗೆ ಹೊದಿಸಿದ ಗೋಡೆಗೆ ಒರಗಿ ಕುಳಿತಿದ್ದೆ, ನೋಡಿ.

ನಿಮಗೆ ಹೇಳಬೇಕು. ನಮ್ಮ ಚಿಕ್ಕ ಸಭೆಯ ಪಕ್ಕದಲ್ಲಿ ಹಂಚಿನ ಮಾಡಿನ ಒಂದು ಕೋಣೆ ಇದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನೂ ನನ್ನ ಮನೆಯವಳೂ ಅಲ್ಲಿ ಪ್ರತಿ ಭಾನುವಾರ ಮಕ್ಕಳ ತರಗತಿ ನಡೆಸಿದೆವು. ನಾನು ಕಥೆ ಹೇಳುತ್ತಿದ್ದೆ. ಅವಳು ಹಾರ್ಮೋನಿಯಂ ಬಾರಿಸಿ ಹಾಡು ಕಲಿಸುತ್ತಿದ್ದಳು. ನಲವತ್ತು ಮಕ್ಕಳು ಕೂಡಿದ ದಿನಗಳಿದ್ದವು. ಕೊರೋನಾ ಬಂದು ಬಾಗಿಲು ಮುಚ್ಚಿತು. ಮತ್ತೆ ತೆರೆದಾಗ ಬಂದವರು ಹತ್ತು ಹನ್ನೆರಡು ಮಕ್ಕಳು. ಉಳಿದವರಿಗೆ ಟ್ಯೂಷನ್ ಇತ್ತು, ಮೊಬೈಲ್ ಇತ್ತು. ಅದಾಗಿ ಸ್ವಲ್ಪ ದಿನಕ್ಕೆ ನನ್ನ ಮನೆಯವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ವಾರ ನಾನು ಆ ಕೋಣೆಗೆ ಬೀಗ ಹಾಕಿದೆ. "ಸ್ವಲ್ಪ ದಿನ ಇರಲಿ" ಎಂದು ಅಯ್ಯನವರಿಗೆ ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ಯಾರೂ ಮಾಡಲಿಲ್ಲ. ದುಃಖದಲ್ಲಿದ್ದವನನ್ನು ಯಾರು ಒತ್ತಾಯ ಮಾಡುತ್ತಾರೆ?

ಪುಟ್ಟಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕ್ಯಾಲೆಂಡರ್ ತೆಗೆದು ಎಣಿಸಿದೆ. ಬೀಗ ಹಾಕಿ ಮೂರು ವರ್ಷ ಒಂದು ತಿಂಗಳಾಗಿತ್ತು. ಈ ಮೂರು ವರ್ಷದಲ್ಲಿ ನಾನು ಏನೇನು ಮಾಡಿದೆ? ನೆಲ ಹಾಕಿಸಿದೆ. ಹಲಗೆ ಹೊಡೆಸಿದೆ. ಹಿತ್ತಲಿನಲ್ಲಿ ಮೊಣಕಾಲು ಹಿಡಿದುಕೊಂಡೇ ಕರಿಬೇವು, ನುಗ್ಗೆ ನೆಟ್ಟೆ. ಮಗನ ಊರಿಗೆ ನಾಲ್ಕು ಸಲ ಹೋಗಿ ಬಂದೆ. ದುಃಖದಿಂದ ಕೈಲಾಗಲಿಲ್ಲ ಎನ್ನೋಣವೆಂದರೆ, ಇದಕ್ಕೆಲ್ಲ ಕೈ ಆಗಿತ್ತಲ್ಲ! ಬೀಗ ಹಾಕಿದ್ದು ದುಃಖದಿಂದ, ನಿಜ. ಆದರೆ ಎರಡನೆಯ ವರ್ಷ, ಮೂರನೆಯ ವರ್ಷ ಆ ಬೀಗ ಕಾಯ್ದದ್ದು ಅಭ್ಯಾಸ.

ಹಗ್ಗಾಯ ಮಾತಾಡಿದ್ದು ಆರನೆಯ ತಿಂಗಳ ಮೊದಲನೆಯ ದಿನ. ಜೆರುಬ್ಬಾಬೆಲ, ಯೆಹೋಶುವ, ಎಲ್ಲ ಜನ ಕೆಲಸಕ್ಕೆ ಕೈ ಹಾಕಿದ್ದು ಅದೇ ತಿಂಗಳ 24ನೆಯ ದಿನ. 24ರಲ್ಲಿ 1 ಕಳೆದರೆ 23. ಹದಿನಾರು ವರ್ಷ ನಿಂತ ಕೆಲಸ ಇಪ್ಪತ್ತಮೂರು ದಿನದಲ್ಲಿ ಶುರುವಾಯಿತು. ಆ ದಿನಗಳಲ್ಲಿ ಅವರಿಗೆ ಹಣ ಬಂದಿತ್ತೇ? ಇಲ್ಲ. ಮಳೆ ಬಂದಿತ್ತೇ? ಇಲ್ಲ. ಶತ್ರುಗಳು ಹೋಗಿದ್ದರೇ? ಇಲ್ಲ. ದೇವರು ನಮ್ಮ ಸಂಗಡ ಇದ್ದಾನೆ ಎಂಬ ಒಂದು ಮಾತು ಮಾತ್ರ ಹಗ್ಗಾಯನ ಬಾಯಿಂದ ಬಂದಿತ್ತು. ಗುಡ್ಡಕ್ಕೆ ಹೋದರು, ಮರ ತಂದರು.

"ನೀನೂ 23 ದಿನದಲ್ಲಿ ಬೀಗ ತೆಗಿ ಅಜ್ಜಾ" ಎಂದು ಪುಟ್ಟಿ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಊರಿಗೆ ಹೋದಳು. ಭಾನುವಾರ ಬಂದರೆ ಫೋನು. "ತೆಗೆದ್ಯಾ?" "ಇಲ್ಲಮ್ಮ." ನಿಜ ಹೇಳುತ್ತೇನೆ, ಇಪ್ಪತ್ತಮೂರು ದಿನದಲ್ಲಿ ನನ್ನಿಂದ ಆಗಲಿಲ್ಲ. ಐದು ವಾರ ಹಿಡಿಯಿತು. ಎರಡು ಸಲ ಬೀಗದ ಕೈ ತೆಗೆದುಕೊಂಡು ಹೋಗಿ ಬಾಗಿಲ ಮುಂದೆ ನಿಂತು ಹಾಗೇ ವಾಪಸು ಬಂದೆ. ಒಳಗೆ ಹಾರ್ಮೋನಿಯಂ ಇತ್ತಲ್ಲ.

ಮೂರನೆಯ ಸಲ ತೆಗೆದೆ. ಹಂಚು ಒಡೆದು ಒಂದು ಮೂಲೆಯಲ್ಲಿ ನೀರು ಇಳಿದಿತ್ತು. ಚಾಪೆಗೆ ಗೆದ್ದಲು. ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದಿತ್ತು. ಅಲ್ಲೇ ಕುಳಿತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಕಸಬರಿಗೆ ಹುಡುಕಿದೆ.

ಮೊದಲ ಭಾನುವಾರ ಮೂರು ಮಕ್ಕಳು ಬಂದರು. ಅವರಲ್ಲಿ ಇಬ್ಬರು ಬಿಸ್ಕತ್ತಿಗೆ ಬಂದವರು, ಇರಲಿ. ಎರಡನೆಯ ಭಾನುವಾರ ನಾಲ್ಕು. ಮೂರನೆಯ ಭಾನುವಾರ ಎರಡು. ನಾಲ್ಕನೆಯ ಭಾನುವಾರ ಜೋರು ಮಳೆ. ಒಬ್ಬನೇ ಒಬ್ಬ ಹುಡುಗ, ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಬಂದು ಕುಳಿತಿದ್ದ. ನಲವತ್ತು ಮಕ್ಕಳ ಹಾಡು ಕೇಳಿದ ಕಿವಿ ನನ್ನದು. ಒಬ್ಬನಿಗೆ ಕಥೆ ಹೇಳಿ, ಕಳಿಸಿ, ಬಾಗಿಲು ಹಾಕುವಾಗ ಅಂದುಕೊಂಡೆ, ಇದು ಸಾಕು. ಇದು ಏನೂ ಅಲ್ಲ. ಇದಕ್ಕಿಂತ ಬೀಗವೇ ಚೆನ್ನ.

ಮಕ್ಕಳೇ, ಹಗ್ಗಾಯನ ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ. ಎರಡನೆಯ ಅಧ್ಯಾಯ ಇಲ್ಲಿಂದಲೇ ಶುರುವಾಗುತ್ತದೆ. ಅವರು ಕೆಲಸ ಶುರು ಮಾಡಿ ಒಂದು ತಿಂಗಳೂ ತುಂಬಿರಲಿಲ್ಲ. ಏಳನೆಯ ತಿಂಗಳ 21ನೆಯ ದಿನ. ಪರ್ಣಶಾಲೆಗಳ ಹಬ್ಬದ ಏಳನೆಯ ದಿನ ಅದು. ಸುಗ್ಗಿಯ ಹಬ್ಬ, ಆದರೆ ಸುಗ್ಗಿ ಇಲ್ಲ. ಮುಂದೆ ನೋಡಿದರೆ ಅರ್ಧಂಬರ್ಧ ಕಲ್ಲುಗಳು. ಮುದುಕರ ಮುಖ ಮತ್ತೆ ಬಾಡಿತು. ಹಳೆಯ ದೇವಾಲಯ ಸುಟ್ಟು ಆಗಲೇ 66 ವರ್ಷ. ಆಗ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ 76. ಅಂಥವರು ಕೆಲವರೇ ಉಳಿದಿದ್ದರು. ಅವರು ತಲೆ ಅಲ್ಲಾಡಿಸಿದರೆ ಸಾಕು, ಕಲ್ಲು ಹೊರುವ ಹುಡುಗರ ಕೈ ಸೋಲುತ್ತದೆ.

ಹಗ್ಗಾಯ ಆ ಮುದುಕರನ್ನು ತಪ್ಪಿಸಿ ಮಾತಾಡಲಿಲ್ಲ. ಹಳೆಯದನ್ನು ನೋಡಿದವರು ಯಾರಿದ್ದೀರಿ ಎಂದು ನೇರವಾಗಿ ಕೇಳಿದ. ಇದು ನಿಮ್ಮ ಕಣ್ಣಿಗೆ ಏನೂ ಅಲ್ಲ ಅನ್ನಿಸುತ್ತದಲ್ಲವೇ ಎಂದ. ಅಲ್ಲ, ಇದೂ ಅಷ್ಟೇ ಚೆನ್ನಾಗಿದೆ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಚಿಕ್ಕದನ್ನು ಚಿಕ್ಕದೆಂದೇ ಒಪ್ಪಿಕೊಂಡ. ಆಮೇಲೆ ಅಧಿಪತಿಗೆ, ಯಾಜಕನಿಗೆ, ಜನರಿಗೆ, ಮೂರು ಸಲ ಒಂದೇ ಮಾತು ಹೇಳಿದ: ಧೈರ್ಯ ತಂದುಕೊಳ್ಳಿ, ಕೆಲಸ ನಡೆಸಿ, ದೇವರು ಜೊತೆಗಿದ್ದಾನೆ.

ನನ್ನ ಹತ್ತಿರ ಬಂದದ್ದು ಪ್ರವಾದಿಯಲ್ಲ. ನಮ್ಮ ಸಭೆಯ ಒಬ್ಬ ಅಜ್ಜಿ. ಎಂಬತ್ತು ದಾಟಿದ್ದಾರೆ. ಅಂದು ಮಳೆ ನಿಲ್ಲಲೆಂದು ಅವರೂ ಸಭೆಯ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬೀಗ ಹಾಕುವುದನ್ನು ನೋಡಿ ಕೇಳಿದರು.

"ಎಷ್ಟ್ ಹುಡುಗ್ರು ಬಂದಿದ್ರೀ ಮಾಸ್ತರ?"

"ಒಂದು, ಅಮ್ಮಾ. ನಾಳಿನಿಂದ ಯಾರೂ ಇರೋದಿಲ್ಲ. ಮುಂಚೆ ಹೆಂಗಿತ್ತು ನಿಮಗ ಗೊತ್ತಲ್ಲ."

"ಗೊತ್ತೈತ್ರೀ. ಅಕ್ಕಾರ ಪೆಟಗಿ ಬಾರಿಸಿದ್ರ ರಸ್ತಾದಾಗ ಹೋಗೋರು ನಿಂತು ಕೇಳ್ತಿದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಬರೋ ವಾರ ನಾನೂ ಬಂದು ಕೂಡ್ತೀನಿ. ಒಂದಕ್ಕ ಒಂದು ಕೂಡಿಸ್ರಿ. ಎರಡ ಆತಲ್ಲ?"

ಮೂವತ್ತೈದು ವರ್ಷ ಲೆಕ್ಕ ಕಲಿಸಿದವನಿಗೆ ಒಂದಕ್ಕೆ ಒಂದು ಕೂಡಿಸಲು ಆ ಅಜ್ಜಿ ಕಲಿಸಬೇಕಾಯಿತು.

ಅವರು ಹೇಳಿದಂತೆ ಬಂದರು. ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು. ಹಾರ್ಮೋನಿಯಂ ಇಲ್ಲದೆ, ತಮ್ಮ ನಡುಗುವ ದನಿಯಲ್ಲಿ, ನನ್ನ ಮನೆಯವಳು ಕಲಿಸಿದ್ದ ಒಂದು ಹಾಡು ಹೇಳಿಕೊಟ್ಟರು. ಮಕ್ಕಳು ಅಜ್ಜಿಯ ಹಾಗೇ ನಡುಗಿಸಿ ನಡುಗಿಸಿ ಹಾಡಿದರು! ನಾನು ನಕ್ಕೆ. ಕಣ್ಣಲ್ಲಿ ನೀರೂ ಬಂತು. ಅಸ್ತಿವಾರದ ದಿನ ಅಳು ಯಾವುದು, ನಗು ಯಾವುದು ತಿಳಿಯಲಿಲ್ಲ ಎಂದು ಬರೆದದ್ದು ನನಗೆ ಆ ದಿನ ಅರ್ಥವಾಯಿತು.

ಯೆರೂಸಲೇಮಿನ ಕೆಲಸ ಮುಂದುವರಿಯಿತೇ? ಮುಂದುವರಿಯಿತು. ಹಗ್ಗಾಯನ ಜೊತೆ ಜೆಕರ್ಯ ಎಂಬ ಇನ್ನೊಬ್ಬ ಪ್ರವಾದಿಯೂ ಧೈರ್ಯ ಹೇಳಿದ. ಚಿಕ್ಕ ಆರಂಭವನ್ನು ತಿರಸ್ಕರಿಸಬೇಡಿ ಎಂಬುದು ಅವನ ಮಾತಿನ ತಿರುಳು. ನಡುವೆ ಪ್ರಾಂತ್ಯದ ಅಧಿಕಾರಿ ಬಂದು, ಇದನ್ನು ಕಟ್ಟಲು ನಿಮಗೆ ಯಾರು ಅಪ್ಪಣೆ ಕೊಟ್ಟರು ಎಂದು ವಿಚಾರಿಸಿದ, ಅರಸನಿಗೆ ಪತ್ರ ಬರೆದ. ಹದಿನಾರು ವರ್ಷದ ಹಿಂದೆ ಆಗಿದ್ದರೆ ಅಷ್ಟಕ್ಕೇ ಕೆಲಸ ನಿಲ್ಲುತ್ತಿತ್ತೋ ಏನೋ. ಈ ಸಲ ಉತ್ತರ ಬರುವ ತನಕವೂ ಅವರು ಕೈ ನಿಲ್ಲಿಸಲಿಲ್ಲ. ಹುಡುಕಿದಾಗ ಮೇದ್ಯ ಸೀಮೆಯ ಅರಮನೆಯಲ್ಲಿ ಕೋರೆಷನ ಹಳೆಯ ಅಪ್ಪಣೆಯ ಸುರುಳಿ ಸಿಕ್ಕಿತು. ಅಡ್ಡಿ ಮಾಡಬೇಡಿ, ಖರ್ಚನ್ನೂ ಅರಸನ ಕಂದಾಯದಿಂದಲೇ ಕೊಡಿ ಎಂದು ದಾರ್ಯಾವೆಷ ಆಜ್ಞೆ ಮಾಡಿದ! ಕ್ರಿ.ಪೂ. 515ರಲ್ಲಿ ದೇವಾಲಯ ಮುಗಿಯಿತು. ಹದಿನಾರು ವರ್ಷ ಬಿದ್ದಿದ್ದ ಕೆಲಸ, ಕೈ ಹಾಕಿದ ಮೇಲೆ ಸುಮಾರು ನಾಲ್ಕೂವರೆ ವರ್ಷದಲ್ಲಿ ಮುಗಿಯಿತು.

ಮುದುಕರು ಏನೂ ಅಲ್ಲ ಎಂದುಕೊಂಡ ಆ ಆಲಯ ಸುಮಾರು ಐನೂರು ವರ್ಷ ನಿಂತಿತು. ಆಮೇಲೆ ಅರಸ ಹೆರೋದ ಅದನ್ನೇ ದೊಡ್ಡದಾಗಿ ಕಟ್ಟಿಸಿದ. ಸೊಲೊಮೋನನ ಚಿನ್ನದ ಆಲಯಕ್ಕೆ ಅಷ್ಟು ಆಯುಸ್ಸು ಇರಲಿಲ್ಲ. ಕಲ್ಲು ಹೊತ್ತವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೊತ್ತರು.

ನಮ್ಮ ಕೋಣೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಈಗ ಒಂಬತ್ತು ಮಕ್ಕಳು ಬರುತ್ತಾರೆ. ನಲವತ್ತು ಆಗುತ್ತದೋ ಇಲ್ಲವೋ, ಆ ಲೆಕ್ಕ ನನ್ನದಲ್ಲ. ಹಂಚು ಬದಲಿಸಿದ್ದೇವೆ. ಹಾರ್ಮೋನಿಯಂ ರಿಪೇರಿಗೆ ಇನ್ನೂ ಕೊಟ್ಟಿಲ್ಲ, ಮನಸ್ಸು ಬಂದಿಲ್ಲ. ಮನೆಯ ಗೋಡೆಯ ಹಲಗೆ ಹಾಗೇ ಇದೆ, ಚೆನ್ನಾಗಿಯೇ ಇದೆ. ಮಗ ಪ್ರೀತಿಯಿಂದ ಹೊಡೆಸಿದ್ದು, ಅದನ್ನು ಕಿತ್ತು ಹಾಕಬೇಕೆಂದು ಯಾವ ಪ್ರವಾದಿಯೂ ಹೇಳಿಲ್ಲ. ಭಾನುವಾರ ಮಧ್ಯಾಹ್ನ ನಾನು ಅದಕ್ಕೆ ಒರಗಿ ಕೂರುವುದಿಲ್ಲ, ಅಷ್ಟೇ.

ಹಿರಿಯರೇ, ದುಃಖದಲ್ಲಿ ನಿಂತು ಹೋದ ಒಂದು ಒಳ್ಳೆಯ ಕೆಲಸ ನಿಮ್ಮ ಮನೆಯಲ್ಲೂ ಇರಬಹುದು. ರಾತ್ರಿ ಮನೆಮಂದಿಯೆಲ್ಲ ಕೂಡಿ ಮಾಡುತ್ತಿದ್ದ ಪ್ರಾರ್ಥನೆ, ಆಸ್ಪತ್ರೆಯಲ್ಲಿದ್ದವರನ್ನು ಹೋಗಿ ಮಾತಾಡಿಸುವುದು, ಪಕ್ಕದ ಮನೆಯ ಮಗುವಿಗೆ ಓದಿಸುವುದು. ಹಾಸಿಗೆ ಹಿಡಿದ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದರೆ ಅದೇ ನಿಮಗೆ ದೇವರ ಕೆಲಸ, ಬೇರೆ ಹುಡುಕಬೇಡಿ. ದುಃಖ ಹಗುರಾದ ಮೇಲೆ ಶುರು ಮಾಡೋಣ ಎಂದು ನಾನು ಕಾದಿದ್ದೆ. ಕಾದಾಗ ಹಗುರಾಗಲಿಲ್ಲ. ಕಸಬರಿಗೆ ಹಿಡಿದ ಮೇಲೆ ಸ್ವಲ್ಪ ಆಯಿತು.

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿ ಸುಮ್ಮನೆ ಕುಳಿತಿದ್ದರೆ "ಮತ್ತೆ?" ಎಂದು ಕೇಳುವುದನ್ನು ಬಿಡಬೇಡಿ. ಮೆಲ್ಲಗೆ ಕೇಳಿ.

ಈ ವಾರದ ಲೆಕ್ಕ: ಮನೆಯಲ್ಲಿ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು, ನಿಂತು ಹೋಗಿರುವ ಒಂದು ಒಳ್ಳೆಯ ಕೆಲಸವನ್ನು ಬರೆಯಿರಿ. ಅದು ನಿಂತು ಎಷ್ಟು ದಿನವಾಯಿತು ಎಂದು ಎಣಿಸಿ. ಇಂದಿನಿಂದ 23ನೆಯ ದಿನ ಯಾವ ವಾರ ಬರುತ್ತದೆ ನೋಡಿ, ಕ್ಯಾಲೆಂಡರ್ ಮೇಲೆ ಕೆಂಪು ಸುತ್ತು ಹಾಕಿ. ಅಷ್ಟರಲ್ಲಿ ಆಗದಿದ್ದರೆ ನಾಚಿಕೆ ಬೇಡ, ನನಗೂ ಆಗಲಿಲ್ಲ. ಇನ್ನೊಂದು ಸುತ್ತು ಹಾಕಿ.

ನೂರಕ್ಕೆ ಎಷ್ಟು ನಷ್ಟ ಎಂದು ಕೇಳಿದ್ದೆನಲ್ಲ, ಉತ್ತರ 60. ಸರಿ ಹೇಳಿದವರು ಕುಳಿತುಕೊಳ್ಳಿ. ತಪ್ಪಾದವರು ಬನ್ನಿ, ನನ್ನ ಪಕ್ಕದಲ್ಲಿ ಜಾಗ ಇದೆ.

ನಿಮ್ಮ ಲೆಕ್ಕದ ಮಾಸ್ತರ ಅಜ್ಜ